ಇನ್ನೂರ ಹದಿಮೂರು ಮುಖಗಳು

ಸ್ವಾತಿಯ ಫೋನು ಬಂದಾಗ ಪದ್ಮಾಕ್ಷಿ ಮಧ್ಯಾಹ್ನದ ಅಡುಗೆಗೆ ಅಕ್ಕಿ ತೊಳೆಯುತ್ತಿದ್ದಳು.

"ಅಮ್ಮ, ತಲ್ಲೂರ್ ದಾಟ್ದೆ. ಇನ್ನ್ ಮುಕ್ಕಾಲ್ ಗಂಟೆಯಂಗೆ ನಿಮ್ಮನಿಗೆ ಬತ್ತೆ. ವ್ಯಾನ್ ಒಟ್ಟಿಗೇ ಇತ್ತ್."

ಪದ್ಮಾಕ್ಷಿ "ಹ್ಞೂಂ" ಎಂದು ಫೋನಿಟ್ಟು, ತೊಳೆದ ಅಕ್ಕಿಯನ್ನೇ ಮತ್ತೊಮ್ಮೆ ತೊಳೆದಳು. ಹದಿನೈದು ದಿನಗಳಿಂದ ಅವಳು ಬಾಯಿ ತೆರೆಯದೆಯೇ ಒಂದು ಸುಳ್ಳು ಹೇಳುತ್ತ ಬಂದಿದ್ದಳು. ಬಾಯಿ ತೆರೆದು ಹೇಳುವ ಸುಳ್ಳಾದರೆ ಒಂದೇ ಸಲ ಹೇಳಿದರೆ ಮುಗಿಯಿತು. ಸುಮ್ಮನಿದ್ದು ಹೇಳುವ ಸುಳ್ಳನ್ನು ಬೆಳಿಗ್ಗೆ ಎದ್ದಾಗ, ಮಗನಿಗೆ ಬಡಿಸುವಾಗ, ದೀಪ ಹಚ್ಚುವಾಗ, ದಿನವಿಡೀ ಹೇಳುತ್ತಲೇ ಇರಬೇಕಾಗುತ್ತದೆ.

ಸ್ವಾತಿ ಮೂಲತಃ ಕಿರಿಮಂಜೇಶ್ವರದವಳು. ಬೆಂಗಳೂರಿನ ಒಂದು ಮ್ಯೂಸಿಯಮ್ಮಿನಲ್ಲಿ ಕೆಲಸ. ಆ ಮ್ಯೂಸಿಯಂ ಇನ್ನೆರಡು ಊರುಗಳ ಮ್ಯೂಸಿಯಂಗಳ ಜೊತೆ ಸೇರಿ ಈ ಕಾಲದ ಹನ್ನೊಂದು ಮಂದಿ ಹೆಂಗಸರ ಕಲಾಕೃತಿಗಳನ್ನು ಊರಿಂದೂರಿಗೆ ಒಯ್ದು ತೋರಿಸಲು ಹೊರಟಿತ್ತು. ಬೆಂಗಳೂರಿನಲ್ಲಿ ನಾಲ್ಕು ತಿಂಗಳು, ಕೊಚ್ಚಿಯಲ್ಲಿ ನಾಲ್ಕು, ಪುಣೆಯಲ್ಲಿ ನಾಲ್ಕು. ಹತ್ತು ಮಂದಿ ಓದಿ ಕಲಿತ ಕಲಾವಿದೆಯರು. ಹನ್ನೊಂದನೆಯವಳು ಸಾಲಿಗ್ರಾಮದ ಹತ್ತಿರದ ಈ ಅರವತ್ತಮೂರರ ಪದ್ಮಾಕ್ಷಿ. ದೇವಸ್ಥಾನದಲ್ಲಿ ಪೂಜೆಯ ಕೆಲಸ ಮಾಡುವ ವಿಷ್ಣುಮೂರ್ತಿಯ ಹೆಂಡತಿ. ಅವಳು ಓದಿದ್ದು ಏಳನೆಯವರೆಗೆ.

ಅವಳನ್ನು ಆ ಪಟ್ಟಿಗೆ ಸೇರಿಸಿದ್ದು ಸೊಸೆ ಶ್ರಾವ್ಯ. ಕೊಕ್ಕರ್ಣೆಯ ಹುಡುಗಿ, ಬ್ರಹ್ಮಾವರದ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮದುವೆಯಾಗಿ ಬಂದ ಮೂರನೇ ತಿಂಗಳು, ಬಚ್ಚಲ ಒಲೆಯ ಪಕ್ಕದಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟೊಂದು ಅವಳ ಕಣ್ಣಿಗೆ ಬಿತ್ತು. ಪ್ರತಿಯೊಂದರ ಬೆನ್ನಿಗೂ ಇದ್ದಿಲಿನಲ್ಲಿ ಬರೆದ ಮುಖ. ಬೆಂಕಿ ಹೊತ್ತಿಸಲು ಇಟ್ಟಿದ್ದವು.

"ಅತ್ತೆ, ಇದ್ ಯಾರ್ ಬರ್ದದ್ದ್?"

"ನಾನೇ. ಹೊತ್ತ್ ಹೋಪುಕೆ."

"ಇದ್ನ ಒಲಿಗೆ ಹಾಕುದಾ? ನಿಮ್ಗ್ ಎಂತ ಮಂಡೆ ಸಮ ಇತ್ತಾ?"

ಅತ್ತೆಗೆ ಹಾಗೆ ಹೇಳಿದ ಸೊಸೆ ಆ ಮನೆಯ ಇತಿಹಾಸದಲ್ಲೇ ಇರಲಿಲ್ಲ. ಪದ್ಮಾಕ್ಷಿಗೆ ಸಿಟ್ಟು ಬರುವ ಬದಲು ಕಣ್ಣಲ್ಲಿ ನೀರು ಬಂತು. ಅವಳು ಎಡಚಿ. ಎಡಗೈಯಲ್ಲಿ ಏನು ಮಾಡಿದರೂ ಹಿರಿಯರು ಬೆರಳ ಗಂಟಿಗೆ ಹೊಡೆದು ಬಲಗೈಗೆ ದಾಟಿಸಿದ್ದರು. ಬರೆಯುವುದಕ್ಕೆ ಮತ್ತು ಬಟ್ಟೆಗಂಟು ಕಟ್ಟುವುದಕ್ಕೆ ಮಾತ್ರ ಆ ಎಡಗೈ ಉಳಿದುಕೊಂಡಿತ್ತು. ಅದನ್ನು ಕಂಡು ಮೆಚ್ಚಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಏಳು ವರ್ಷ ಹಾಗೆ ಚೆನ್ನಾಗಿ ಹೋಯಿತು. ಎಂಟನೆಯ ವರ್ಷ ಶ್ರಾವ್ಯಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದ ದಿನವೇ ಅವಳು ಕಪಾಟಿನಿಂದ ಒಂದು ಬಿಳಿ ಕಾಟನ್ ಸೀರೆ ತೆಗೆಸಿದಳು. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಶಾಲೆಗೆ ಉಟ್ಟುಕೊಂಡು ಹೋಗುತ್ತಿದ್ದ ಸೀರೆ.

"ಇದ್ರ್ ಮೇಲೆ ದಿನಾ ನನ್ ಮುಖ ಬರೀಕ್ ಅತ್ತೆ. ಸಾಲಿಗೆ ಏಳ್. ಚಂದ ಮಾಡುದ್ ಬ್ಯಾಡ, ಕಂಡಂಗೆ ಬರೀಕ್. ಮುಗುವತಂಕ."

ಯಾವುದು ಮುಗಿಯುವತನಕ ಎಂದು ಯಾರೂ ಕೇಳಲಿಲ್ಲ. ಕೂದಲು ಹೋದ ಮೇಲೆ ಅವಳು ಫೋಟೋಕ್ಕೆ ಮುಖ ಕೊಟ್ಟವಳಲ್ಲ. ಗಂಡ ಗೌರೀಶ ಮೊಬೈಲು ಎತ್ತಿದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಅತ್ತೆ ಮಾತ್ರ ಹಣತೆಯ ಮೇಲೆ ತಟ್ಟೆ ಕವುಚಿ ಹಿಡಿದ ಮಸಿಯನ್ನು ಗಂಜಿತಿಳಿಯಲ್ಲಿ ಕಲಸಿಕೊಂಡು ಬಂದು ಕೂತರೆ ದಿಂಬಿಗೊರಗಿ ಎದ್ದು ಕೂರುತ್ತಿದ್ದಳು. ಕೆನ್ನೆ ಇಳಿದದ್ದು, ಕಣ್ಣು ಹಳದಿಯಾದದ್ದು, ಒಂದು ದಿನ ಸುಮ್ಮಸುಮ್ಮನೆ ನಕ್ಕದ್ದು, ಎಲ್ಲವೂ ಅಂಗೈಯಗಲದ ಚೌಕಗಳಲ್ಲಿ ಸಾಲಾಗಿ ಕೂತವು. ಮೊದಲ ನಾಲ್ಕು ಸಾಲುಗಳ ಫೋಟೋವನ್ನು ಶ್ರಾವ್ಯಳೇ ಮ್ಯೂಸಿಯಮ್ಮಿಗೆ ಕಳಿಸಿದ್ದಳು. ಉಳಿದ ಸಾಲುಗಳನ್ನು ಮನೆಯವರ ಹೊರತು ಯಾರೂ ನೋಡಿರಲಿಲ್ಲ. ಮಸಿ ಬಟ್ಟೆಗೆ ಕಚ್ಚಿಕೊಳ್ಳಲು ಹೊಡೆಯುವ ಔಷಧದ ಡಬ್ಬಿಯನ್ನೂ ಅವಳೇ ತರಿಸಿಟ್ಟಿದ್ದಳು. ಅದನ್ನು ಎಲ್ಲ ಮುಗಿದ ಮೇಲೆ ಹೊಡೆಯಬೇಕಿತ್ತು.

ಮೂವತ್ತು ಸಾಲು ಮುಗಿದು ಮೂವತ್ತೊಂದನೆಯದರಲ್ಲಿ ಮೂರು ಮುಖವಾದ ಮರುದಿನ ಅವಳು ತೀರಿಕೊಂಡಳು. ಮೂವತ್ತನಾಲ್ಕು ವರ್ಷ ಸಾಯುವ ವಯಸ್ಸಲ್ಲ. ಹೀಗೆಂದು ಬಂದವರೆಲ್ಲ ಹೇಳಿದರು, ಹೇಳಿ ಕಾಫಿ ಕುಡಿದು ಹೋದರು.

ಉಳಿದುಕೊಂಡವಳು ವಿಷ್ಣುಮೂರ್ತಿಯ ಅಕ್ಕ ಪ್ರಭಾವತಿ. ಅವಳಿಗೆ ಶಾಸ್ತ್ರವೆಲ್ಲ ಬಾಯಿಪಾಠ. ಅಳುವುದಕ್ಕೂ ಅವಳಲ್ಲಿ ಹೊತ್ತುಗೊತ್ತು ಇತ್ತು. ಸೂತಕದ ಹತ್ತನೆಯ ದಿನ ಅವಳು ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಹೇಳಿದಳು, "ಆ ಕೋಣೆಯಂಗೆ ಒಂದ್ ಚೂರ್ ಬಟ್ಟೆ ಉಳೀಕಾಗ. ಎಲ್ಲ ರತ್ನಂಗೆ ಕೊಡ್." ಮನೆಯಲ್ಲಿ ವಾಷಿಂಗ್ ಮೆಷಿನ್ ಇತ್ತು. ಆದರೆ ಸೂತಕ ತೆಗೆಯುವ ಅಧಿಕಾರ ಮೆಷಿನ್ನಿಗಿಲ್ಲ. ಅದಕ್ಕೆ ಮಡಿವಾಳರ ಕೈಯೇ ಆಗಬೇಕು. ತೋಡಿನಾಚೆಯ ರತ್ನ ಮೂವತ್ತು ವರ್ಷದಿಂದ ಈ ಮನೆಯ ಹುಟ್ಟು ಸಾವುಗಳ ಬಟ್ಟೆ ಒಗೆದವಳು. ಶ್ರಾವ್ಯ ಮಲಗಿದ ಮೇಲಂತೂ, ಯಾರೂ ಮುಟ್ಟಲು ಹಿಂಜರಿಯುವ ಬಟ್ಟೆಗಳನ್ನು ದಿನಾ ಬಂದು ಒಯ್ಯುತ್ತಿದ್ದಳು.

ಪದ್ಮಾಕ್ಷಿ ಕೋಣೆಗೆ ಹೋದಳು. ಆ ಮನೆಯಲ್ಲಿ ಇದು ಅವಳು ಕಂಡ ಐದನೆಯ ಸಾವು. ಕೈಗೆ ಕೆಲಸ ಗೊತ್ತಿತ್ತು. ಕಿಟಕಿಯ ಪರದೆ, ಟವೆಲು, ದಿಂಬಿನ ಚೀಲ, ಮಂಚದ ತಲೆಭಾಗದಲ್ಲಿ ಮಡಿಸಿಟ್ಟ ಹಳೆಯ ಹೊದಿಕೆ, ಎಲ್ಲವನ್ನೂ ಬಾಚಿ ಒಂದು ಬೆಡ್‌ಶೀಟಿನಲ್ಲಿ ಸುರಿದು, ಎಡಗೈಯಲ್ಲಿ ಬಿಗಿಯಾಗಿ ಗಂಟು ಹಾಕಿ ಹಿತ್ತಲ ಮೆಟ್ಟಿಲ ಮೇಲಿಟ್ಟಳು. ರತ್ನ ಬಂದು ಎತ್ತಿಕೊಂಡು ಹೋದಳು. ಗೆದ್ದಲು ಹಿಡಿಯದಂತೆ, ತೇವ ತಾಗದಂತೆ ಆ ಬಿಳಿ ಸೀರೆಯನ್ನು ಹಳೆಯ ಹೊದಿಕೆಯೊಳಗೆ ಸುತ್ತಿಟ್ಟವಳೂ ಪದ್ಮಾಕ್ಷಿಯೇ.

ಅದು ನೆನಪಾದದ್ದು ಮಧ್ಯಾಹ್ನ, ರತ್ನ ಒದ್ದೆ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತೋಡು ದಾಟಿ ಓಡೋಡಿ ಬಂದಾಗ.

"ಅಮ್ಮಾ, ಹಂಡಿ ನೀರೆಲ್ಲ ಕಪ್ಪ್ ಆಯ್ತ್! ಕೋಲಂಗೆ ಎತ್ತಿ ಕಂಡ್ರೆ ಇದ್!"

ಸೋಪಿನ ಪುಡಿಯಲ್ಲಿ ಕುದಿದು ಗಂಜಿ ಬಿಟ್ಟುಕೊಂಡಿತ್ತು, ಗಂಜಿಯ ಜೊತೆ ಮಸಿಯೂ. ಸೀರೆಯ ತುಂಬ ಬೂದಿ ಬಣ್ಣದ ಮೋಡ. ಎಲ್ಲೋ ಒಂದು ಹುಬ್ಬು, ಎಲ್ಲೋ ಅರ್ಧ ಕಿವಿ. ಅವಳು ನಕ್ಕ ದಿನ ಯಾವ ಸಾಲಿನಲ್ಲಿತ್ತೆಂದು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ.

ಗೌರೀಶ ಜಗುಲಿಯಿಂದ ಎದ್ದು ಬಂದ. ಹೆಂಡತಿ ಸತ್ತ ದಿನದಿಂದ ಅವನು ಒಂದು ಮಾತೂ ಆಡಿರಲಿಲ್ಲ, ಅತ್ತೂ ಇರಲಿಲ್ಲ. ಈಗ ಹತ್ತು ದಿನದ್ದೆಲ್ಲ ಒಟ್ಟಿಗೆ ಹೊರಬಂತು. "ನಿಂಗೆ ಕಣ್ ಕಾಂತಿಲ್ಯಾ? ಗಂಟ್ ಬಿಚ್ಚಿ ಕಾಂಬುಕಾತಿಲ್ಯಾ? ಅವ್ಳ್ದ್ ಅಂದೇಳಿ ಇದ್ದದ್ದ್ ಅದೊಂದೇ! ಇನ್ನ್ ಈ ಮನಿ ಮೆಟ್ಲ್ ಹತ್ತಬೇಡ!" ರತ್ನ ಪದ್ಮಾಕ್ಷಿಯ ಮುಖವನ್ನು ಒಮ್ಮೆ ನೋಡಿದಳು. ಪದ್ಮಾಕ್ಷಿ ನೆಲ ನೋಡಿದಳು. ರತ್ನ ಸೀರೆಯನ್ನು ಮೆಟ್ಟಿಲ ಮೇಲಿಟ್ಟು ಹೋದಳು.

ಆಮೇಲೆ ಗೌರೀಶ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಸಣ್ಣ ಮಗುವಿನ ಹಾಗೆ ಅತ್ತ. ಅವನ ಬೆನ್ನು ಸವರುತ್ತ ಪದ್ಮಾಕ್ಷಿ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡಳು. ಹೇಳಲಿಲ್ಲ. ಸೊಸೆಯಂತೂ ಹೋದಳು, ಹೇಳಿದರೆ ಮಗನೂ ಹೋಗುತ್ತಾನೆ ಎಂಬ ಭಯ. ಅಂದಿನಿಂದ ಅವನು ದಿನಾ ಅಮ್ಮನ ಪಕ್ಕ ಕೂತು ಉಣ್ಣುತ್ತಿದ್ದ, ಎರಡು ಮಾತಾಡುತ್ತಿದ್ದ. ಅವನು ಹೀಗೆ ಹತ್ತಿರ ಬಂದದ್ದು ರತ್ನಳ ಬೆನ್ನ ಮೇಲೆ ಕಾಲಿಟ್ಟು ಎಂದು ಪದ್ಮಾಕ್ಷಿಗೆ ಗೊತ್ತಿತ್ತು.

ಸ್ವಾತಿಯ ವ್ಯಾನು ಅಂಗಳಕ್ಕೆ ಬಂತು. ವಿಷ್ಣುಮೂರ್ತಿ ದೇವಸ್ಥಾನದಿಂದ ಇನ್ನೂ ಬಂದಿರಲಿಲ್ಲ. ಗೌರೀಶ ಕುಂದಾಪುರದ ತನ್ನ ಅಂಗಡಿಗೆ ಆ ದಿನ ಬೀಗ ಹಾಕಿ ಮನೆಯಲ್ಲೇ ಇದ್ದ. ಸೀರೆಗೆ ಆದದ್ದನ್ನು ಅವನು ಸ್ವಾತಿಗೆ ಫೋನಿನಲ್ಲಿ ಮೊದಲೇ ತಿಳಿಸಿದ್ದ.

ಸ್ವಾತಿ ಚಪ್ಪಲಿ ಬಿಟ್ಟು ಒಳಗೆ ಬಂದು, ಶ್ರಾವ್ಯಳ ಮದುವೆಯ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈಗವಸು ಹಾಕಿಕೊಂಡು ಚಾವಡಿಯಲ್ಲಿ ಬಿಳಿ ಕಾಗದ ಹಾಸಿ ಅದರ ಮೇಲೆ ಸೀರೆ ಬಿಡಿಸಿದಳು. ಚಂದ ಉಂಟು, ಹೀಗೇ ಚಂದ ಎಂದು ಅವಳು ಹೇಳಿಬಿಟ್ಟರೆ ಏನು ಮಾಡುವುದೆಂದು ಪದ್ಮಾಕ್ಷಿ ಹೆದರಿದ್ದಳು. ಪುಣ್ಯಕ್ಕೆ ಅವಳು ಹಾಗೆ ಹೇಳಲಿಲ್ಲ.

"ಮೂರೂ ಕಡೆಗ್ ಕೇಳ್ದೆ ಅಮ್ಮ. ಹ್ಯಾಂಗಿದ್ರೂ ತಕಂಡ್ ಬಾ ಅಂದ್ರ್. ಕಳ್ಸುದ್, ಬಿಡುದ್ ನಿಮ್ ಇಷ್ಟ."

"ಕಳ್ಸ್ತೆ ಅಂದೇಳಿ ಅವ್ಳಿಗ್ ಮಾತ್ ಕೊಟ್ಟಿದ್ದೆ. ತಕಂಡ್ ಹೋಗ್."

ಸ್ವಾತಿ ಒಂದು ಹಾಳೆ ತೆಗೆದಳು. ಮ್ಯೂಸಿಯಂಗಳು ಸೇರಿ ಕೆಲಸ ಮಾಡುವಾಗ ವಸ್ತು ಮನೆ ಬಿಡುವ ಮೊದಲು ಅದರ ಸ್ಥಿತಿ ಬರೆದು ಸಹಿ ಹಾಕಿಸಬೇಕಂತೆ. ಇಲ್ಲದಿದ್ದರೆ ನಾಳೆ ಒಂದು ಕಲೆ ಕಂಡರೆ ಬೆಂಗಳೂರಿನವರು ಕೊಚ್ಚಿಯವರ ಮೇಲೆ, ಕೊಚ್ಚಿಯವರು ಪುಣೆಯವರ ಮೇಲೆ ಹಾಕುತ್ತಾರೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ವಿದ್ಯೆಯಲ್ಲಿ ದೊಡ್ಡ ಊರುಗಳೇನೂ ನಮ್ಮೂರಿಗಿಂತ ಹಿಂದಿಲ್ಲ. ಆ ಹಾಳೆ ಸೀರೆಯ ಜೊತೆಗೇ ಮೂರೂ ಊರಿಗೆ ಹೋಗುತ್ತದೆ, ಪ್ರತಿ ಊರಿನಲ್ಲಿ ಪೆಟ್ಟಿಗೆ ತೆರೆದವರು ಮೊದಲು ಅದನ್ನೇ ಓದುತ್ತಾರೆ.

"ಹಾನಿ ಹ್ಯಾಂಗ್ ಆಯ್ತ್, ಯಾರಿಂದ ಆಯ್ತ್ ಅಂದೇಳಿ ಕೇಂತಾರೆ ಇಲ್ಲಿ" ಎಂದಳು ಸ್ವಾತಿ.

"ಬರ್ಕಣಿ," ಗೌರೀಶ ಹೇಳಿದ. "ರತ್ನ ಅಂದೇಳಿ. ನಮ್ಮನಿ ಬಟ್ಟಿ ಒಗುವವ್ಳ್. ಕಾಣ್ದೆ ಬೇಯ್ಸಿ ಹಾಕ್ದಳ್ ಅಂದೇಳಿ ಬರಿನಿ."

ಸ್ವಾತಿಯ ಪೆನ್ನು ಕಾಗದಕ್ಕೆ ತಾಗಿತು. ರತ್ನ ಎಂಬುದರ ಮೊದಲ ಅಕ್ಷರ ಬಿದ್ದದ್ದನ್ನು ಪದ್ಮಾಕ್ಷಿ ನೋಡಿದಳು. ಕುಂದಾಪುರ ದಾಟಿ ಆಚೆ ಹೋಗದ ರತ್ನಳ ಹೆಸರು ಪುಣೆಯವರೆಗೂ ಹೋಗುವುದಿತ್ತು, ಅದೂ ಈ ಕಾರಣಕ್ಕೆ.

"ಅದ್ನ ಹೊಡ್ದ್ ಹಾಕ್, ಹೆಣ್ಣೇ."

ಇಬ್ಬರೂ ಅವಳ ಕಡೆ ತಿರುಗಿದರು.

"ಗಂಟ್ ಕಟ್ಟದ್ದ್ ನಾನ್. ಸೀರೆ ಸುತ್ತಿದ್ ಹೊದ್ಕಿ ಅದ್ರೊಳ್ಗ್ ಹಾಕ್ದದ್ದೂ ನಾನೇ. ಸೂತಕದ್ ಬಟ್ಟಿ, ಎಲ್ಲ ಕೊಡ್ಕ್ ಅಂದೇಳಿ ಕೊಟ್ಟೆ. ರತ್ನ ನಾನ್ ಕೊಟ್ಟದ್ದ್ ಒಗ್ದಳ್. ನನ್ ಹೆಸ್ರ್ ಬರಿ. ಬರ್ದವ್ಳೂ ಪದ್ಮಾಕ್ಷಿ, ಅಳ್ಸಿದವ್ಳೂ ಪದ್ಮಾಕ್ಷಿ ಅಂದೇಳಿ ಬರಿ."

ಗೌರೀಶನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸಮಾಧಾನವಿರುತ್ತಿತ್ತು.

"ಹದ್ನೈದ್ ದಿನ ಆಯ್ತ್ ಅಮ್ಮ. ನಾನ್ ಅವ್ಳಿಗ್ ಬೈದದ್ದ್ ಕಂಡ್ಕಂಡೂ ಸುಮ್ನಿದ್ದೆ ಅಲ್ದಾ?"

ಅವನು ಬೈಕಿನ ಕೀಲಿ ತೆಗೆದುಕೊಂಡು ಹೊರಟುಹೋದ. ಬೈಕಿನ ಸದ್ದು ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಸೇರಿಹೋಗುವವರೆಗೂ ಪದ್ಮಾಕ್ಷಿ ಕೇಳುತ್ತ ನಿಂತಳು. ಆಮೇಲೆ ಎಡಗೈಯಲ್ಲಿ ಸಹಿ ಹಾಕಿದಳು. ಸ್ವಾತಿ ಸೀರೆಯನ್ನು ಉದ್ದನೆಯ ಕೊಳವೆಗೆ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದಳು, ಅವಳ ಕಾಲು ಮುಟ್ಟಿ ನಮಸ್ಕರಿಸಿದಳು. ವ್ಯಾನು ಹೋಯಿತು. ಅನ್ನ ಅಡಿಹಿಡಿದ ವಾಸನೆ ಬರುತ್ತಿತ್ತು.

ಪದ್ಮಾಕ್ಷಿ ಒಲೆ ಆರಿಸಿ, ಬಾಗಿಲು ಎಳೆದುಕೊಂಡು, ತೋಡಿನ ಮೇಲಿನ ಮರದ ಸಂಕ ದಾಟಿದಳು. ಮೂವತ್ತು ವರ್ಷದಲ್ಲಿ ಅವಳು ರತ್ನಳ ಅಂಗಳಕ್ಕೆ ಬಂದದ್ದು ಇದೇ ಮೊದಲು. ರತ್ನ ಹಗ್ಗದ ಮೇಲೆ ಯಾರದೋ ಬಟ್ಟೆ ಹರವುತ್ತಿದ್ದಳು.

"ರತ್ನ, ಆ ಸೀರೆ ಗಂಟಿಗೆ ಹಾಕ್ದದ್ದ್ ನಾನೇ. ಗೌರೀಶನ್ ಹತ್ರ ಇವತ್ ಹೇಳ್ದೆ."

ರತ್ನ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು.

"ನಂಗ್ ಅವತ್ತೇ ಗೊತ್ತಿತ್ತ್ ಅಮ್ಮ. ಎಡಗೈ ಗಂಟ್ ಅದ್. ಮೂವತ್ ವರ್ಷ ಅದ್ನ ಬಿಚ್ಚಿದ್ ಕೈ ನಂದ್."

"ಮತ್ತ್ ಎಂತಕ್ಕೆ ಹೇಳ್ಲಿಲ್ಲ ನೀನ್?"

"ನಿಮ್ಗ್ ಉಳ್ದದ್ ಮಗ ಒಬ್ನೇ ಅಲ್ದಾ? ನಂಗ್ ಬೈದ್ರೆ ಎಂತ ಆತ್ತ್, ಒಂದ್ ಮನಿ ಕೆಲ್ಸ ಹೋತ್ತ್ ಅಷ್ಟೇ ಅಂದೇಳಿ ಸುಮ್ನಾದೆ."

ಪದ್ಮಾಕ್ಷಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಸೊಸೆ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ರತ್ನ ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ, ಬಕೇಟಿನಲ್ಲಿದ್ದ ಬಟ್ಟೆ ಮುಗಿಯುವವರೆಗೆ ಹರವುತ್ತಲೇ ಇದ್ದಳು.

"ಗೌರೀಶಯ್ಯ ಎಂತ ಅಂದ್ರ್?" ಎಂದು ಕೊನೆಗೆ ಕೇಳಿದಳು.

"ಎಂತ ಇಲ್ಲ. ಬೈಕ್ ತಕಂಡ್ ಹೋದ."

"ಬತ್ರ್ ಬಿಡಿ."

ರಾತ್ರಿ ಅವನು ಬರಲಿಲ್ಲ. ಅಂಗಡಿಯಲ್ಲೇ ಮಲಗುತ್ತೇನೆ ಎಂದು ಅಪ್ಪನ ಮೊಬೈಲಿಗೆ ಮೆಸೇಜು ಬಂತು.