ಎರಡು ಬೆರಳು ನೀರು

ಅವಳಲ್ಲಿ ತಾಳ್ಮೆ ಇರಲಿಲ್ಲ. ಸಿಗಡಿ ಸುಲಿಯುವ ಶೆಡ್ಡಿನ ಹೆಂಗಸರು ಅವಳನ್ನು ಪಾದರಸ ಎಂದೇ ಕರೆಯುತ್ತಿದ್ದರು. ಎಂಟು ವರ್ಷ ಮಂಜುಗಡ್ಡೆಯಲ್ಲಿ ಕೈಯಾಡಿಸಿ ಬೆರಳ ತುದಿಗಳು ಬಿಳುಚಿಕೊಂಡಿದ್ದವು. ಅಲ್ಲಿಂದ ಬಿಡಿಸಿಕೊಳ್ಳಲು ಅವಳಿಗೆ ಕಂಡ ದಾರಿ ಒಂದೇ: ಪೇಟೆಯ ಅಕ್ವೇರಿಯಂ ಅಂಗಡಿ.

"ಕಡಲ ಮೀನು, ಏಡಿ ಹಿಡಿಯೋರು ಬೇಕಾದಷ್ಟು ಜನ ಸಿಗ್ತಾರೆ," ಎಂದಿದ್ದ ಅಂಗಡಿಯವ. "ಸಾಕೋರು ಬೇಕು. ಹದಿನೈದು ದಿನ ಮನೇಲಿ ಬದುಕಿಸಿ ತೋರಿಸಿ, ನನ್ನ ತೊಟ್ಟಿಗಳ ಕೆಲಸ ನಿಮಗೇ." ಹಳೆಯ ಗಾಜಿನ ತೊಟ್ಟಿಯೊಂದನ್ನು, ಗಾಳಿಗುಳ್ಳೆ ಬಿಡುವ ಪಂಪನ್ನು ಕೊಟ್ಟು ಕಳಿಸಿದ್ದ.

ಹಿಡಿಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಇಳಿತದ ಹೊತ್ತಿಗೆ ಬಂಡೆಸಾಲು ನೀರಿಂದ ಮೇಲೇಳುತ್ತಿತ್ತು. ಒಂದೊಂದೇ ಕಲ್ಲೆತ್ತಿ, ಅಡಿಯಲ್ಲಿದ್ದದ್ದನ್ನು ಬೋಗುಣಿಗೆ ಸರಿಸಿ, ಕಲ್ಲನ್ನು ಇದ್ದ ಹಾಗೇ ಇಡುತ್ತಿದ್ದಳು. ಐದು ಪುಟ್ಟ ಮೀನು, ಶಂಖ ಹೊತ್ತ ನಾಲ್ಕು ಏಡಿ, ಒಂದು ನಕ್ಷತ್ರಮೀನು ಸಿಕ್ಕವು. ಹೂವಿನಂತೆ ಅರಳುವ ಪ್ರಾಣಿಯಾದ ಕಡಲಹೂ ಒಂದನ್ನು ಮಾತ್ರ ಅದು ಕಚ್ಚಿಕೊಂಡಿದ್ದ ಕಲ್ಲಿನ ಸಮೇತ ತಂದಳು. ಕಿತ್ತರೆ ಬುಡ ಹರಿಯುತ್ತದೆಂದು ಗೊತ್ತಿತ್ತು.

ತೊಟ್ಟಿ ಗಂಡನ ಹೊಲಿಗೆ ಯಂತ್ರದ ಪಕ್ಕ ಕೂತಿತು. ಸೆಕೆಗೆ ನೀರು ಕಾದೀತೆಂದು ಅವಳು ಫ್ಯಾನನ್ನು ಅದರತ್ತ ತಿರುಗಿಸಿದಳು.

"ಗಂಡ ಇಲ್ಲಿ ಬೆವರಲ್ಲಿ ಬೇಯ್ತಾ ಇದ್ದಾನೆ, ಏಡಿಗೆ ಗಾಳಿಯಂತೆ!" ಎಂದ ದರ್ಜಿ.

"ನೀವೂ ಶಂಖದೊಳಗೆ ಹೋಗಿ ಕೂತ್ಕೊಳ್ಳಿ, ನಿಮಗೂ ಬಿಡ್ತೀನಿ."

ಫ್ಯಾನಿನ ಗಾಳಿಗೆ ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ದಿನಾ ಬೆಳಿಗ್ಗೆ ಕೊಡ ಹಿಡಿದು ಕಡಲಿಗೆ ಓಡಿ, ಇಳಿದಷ್ಟನ್ನೂ ತುಂಬುತ್ತಿದ್ದಳು.

"ಇಷ್ಟು ನೀರಿಗೆ ಅಲ್ಲೀವರೆಗೂ ಓಡ್ಬೇಕಾ? ನಲ್ಲೀಲಿ ಹಿಡಿದು ಸುರಿ."

"ಕಡಲಲ್ಲಿ ಹುಟ್ಟಿದ್ದಕ್ಕೆ ನಲ್ಲಿ ನೀರಾ? ನೀವು ಗುಂಡಿ ಹೊಲೀರಿ, ಸಾಕು."

ತೊಟ್ಟಿಯ ಅಂಚಿಗೆ ಬಿಳಿ ಪುಡಿ ಕಟ್ಟುತ್ತಿತ್ತು. ಕೊಳೆಯೆಂದು ಒರೆಸಿದಳು. ಹತ್ತನೇ ದಿನ ಕಡಲಹೂ ಮುದುಡಿ ಮತ್ತೆ ಅರಳಲಿಲ್ಲ. ಹನ್ನೆರಡನೇ ದಿನ ನಕ್ಷತ್ರಮೀನಿನ ತೋಳೊಂದು ಕಳಚಿ ಬಿತ್ತು. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಲ್ಲು ಸರಿಸಿದಳು, ಪಂಪಿನ ಜಾಗ ಬದಲಿಸಿದಳು. ಕಡಲಿಲ್ಲದೆ ಸೊರಗುತ್ತಿವೆಯೆಂದು ಕೊಡ ಹಿಡಿದು ದಿನಕ್ಕೆರಡು ಸಲ ಓಡತೊಡಗಿದಳು. ಶೆಡ್ಡಿನಲ್ಲಿ ಹೆಬ್ಬೆರಳು ಕೊಯ್ದುಕೊಂಡಳು.

"ಒಂದ್ ನಿಮಿಷ ಕೂತ್ಕೊಳ್ಳೇ," ಎಂದ ಗಂಡ. "ನಿನ್ನ ನೋಡಿ ಮೀನಿಗೂ ತಲೆ ಸುತ್ತುತ್ತೆ."

ಹದಿನೈದನೇ ದಿನ ಬೆಳಿಗ್ಗೆ ಅಂಗಡಿಯವ ಬಂದಾಗ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನು ಉಪ್ಪು ಅಳೆಯುವ, ಉಪ್ಪು ಹೆಚ್ಚಿದಷ್ಟೂ ಮೇಲೇಳುವ ಗಾಜಿನ ಕೊಳವೆಯನ್ನು ನೀರಿಗೆ ಬಿಟ್ಟ. ಅದು ಕುತ್ತಿಗೆ ಪೂರ್ತಿ ಹೊರಗೆ ಚಾಚಿ ನಿಂತಿತು.

"ನೀರು ಇಳಿದಾಗ ಏನು ಹಾಕ್ತಿದ್ರಿ?"

"ಕಡಲ ನೀರು. ದಿನಾ ಹೊಸದಾಗಿ ತಂದು."

"ಅಯ್ಯೋ ಅಕ್ಕಾ, ಆರೋದು ನೀರು ಮಾತ್ರ. ಉಪ್ಪು ಎಲ್ಲಿಗೆ ಹೋಗುತ್ತೆ? ಅದರ ಮೇಲೆ ಮತ್ತೆ ಉಪ್ಪುನೀರೇ ಸುರಿದ್ರೆ? ಹಿಂದಿನ ದಿನ ಹಿಡಿದಿಟ್ಟ ನಲ್ಲಿ ನೀರು ಹಾಕ್ಬೇಕಿತ್ತು."

ಅವಳು ಗಂಡನ ಕಡೆ ನೋಡಿದಳು. ಅವನು ಯಂತ್ರ ತುಳಿಯುವುದನ್ನು ನಿಲ್ಲಿಸಿ ಸೂಜಿಗೆ ದಾರ ಪೋಣಿಸತೊಡಗಿದ. ದಾರ ಆಗಲೇ ಪೋಣಿಸಿಯೇ ಇತ್ತು.

"ತೊಟ್ಟಿ ಆಮೇಲೆ ಕಳಿಸಿ," ಎಂದು ಅಂಗಡಿಯವ ಹೊರಟ. ಕೆಲಸದ ಮಾತೆತ್ತಲಿಲ್ಲ.

ಇನ್ನೂ ಕಾಲಾಡಿಸುತ್ತಿದ್ದ ಎರಡು ಏಡಿಗಳನ್ನು ಕೊಡಕ್ಕೆ ಹಾಕಿಕೊಂಡು ಅವಳು ಬಂಡೆಸಾಲಿಗೆ ನಡೆದಳು. ಅಲ್ಲಿ ಬಿಟ್ಟು ಅಲ್ಲಿಂದಲೇ ಶೆಡ್ಡಿಗೆ ಹೋದಳು.

ಸತ್ತದ್ದು ಐದು ಮೀನು, ಎರಡು ಏಡಿ, ಒಂದು ನಕ್ಷತ್ರಮೀನು, ಒಂದು ಕಡಲಹೂ. ಹನ್ನೊಂದರಲ್ಲಿ ಒಂಬತ್ತು.