ಗುಲನಾಜಳಿಗೆ ಬೆಲ್ಲ ಕೊಟ್ಟವರು

ನಾಲತವಾಡದ ನಾಜಿಮಾಳಿಗೆ ಒಂದು ಮಾತು ಏನು ಮಾಡಿದರೂ ಬಗೆಹರಿಯುತ್ತಿರಲಿಲ್ಲ. ಮಗಳು ಗುಲನಾಜ ತಿನ್ನುವುದು ಪೈಲ್ವಾನನ ಹಾಗೆ, ಬೆಳೆಯುವುದು ಮಾತ್ರ ಇಲ್ಲ. ಹುಟ್ಟಿದ ವಾರದಲ್ಲೇ ಕರುಳು ತಿರುಚಿಕೊಂಡು, ಡಾಕ್ಟರು ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದರು. ಆಮೇಲೆ ಎಷ್ಟೋ ತಿಂಗಳು ಆಸ್ಪತ್ರೆಯಲ್ಲಿ ಎದೆಯ ರಕ್ತನಾಳಕ್ಕೆ ಹಾಕಿದ ನಳಿಗೆಯಿಂದಲೇ ಊಟ. ಈಗ ಐದು ತುಂಬಿದರೂ ನೋಡಿದವರು ಮೂರು ಎನ್ನುತ್ತಾರೆ. ಈ ಸಲ ತೂಕ ಏರದಿದ್ದರೆ ಮತ್ತೆ ನಳಿಗೆ ಹಾಕಬೇಕೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ನಳಿಗೆಗೆ ನಂಜೇರಿ ಮಗು ಸಾವಿನ ಬಾಗಿಲು ತಟ್ಟಿ ಬಂದದ್ದನ್ನು ನಾಜಿಮಾ ಮರೆತಿರಲಿಲ್ಲ. ಅವಳಿಗೆ ಬಹಳ ಹೆದರಿಕೆಯಾಗಿತ್ತು.

ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು. ಸಿಹಿ, ಬರೀ ನೀರು ಆ ಗಿಡ್ಡ ಕರುಳಿಗೆ ಆಗದು, ಕುಡಿದಷ್ಟೂ ಭೇದಿ. ಉಪ್ಪಿನ ಅಂಬಲಿಯೇ ಸೈ. ಮನೆಯಲ್ಲಿ ಸಕ್ಕರೆ ಡಬ್ಬಿಯೇ ಇರಲಿಲ್ಲ. ಆದರೂ ಭೇದಿ ನಿಂತಿರಲಿಲ್ಲ. ಅದು ಎಲ್ಲಿಂದ? ಜ್ವರ ಬಂದು ಮಲಗಿದ ದಿನ ನಿಲ್ಲುತ್ತಿತ್ತು. ಎದ್ದು ಆಡಲು ಹೋದರೆ ಮತ್ತೆ ಶುರು. ಆಟದಲ್ಲಿ ಅಂಥದ್ದೇನಿದೆ? ನಾಜಿಮಾ ಕುತೂಹಲ ತಡೆಯಲಾರದೆ ಒಂದು ಮಧ್ಯಾಹ್ನ ಮಗಳ ಬೆನ್ನು ಹತ್ತಿದಳು.

ಗುಲನಾಜ ಅದೇ ಓಣಿಯ ಬಾಳಮ್ಮನ ಮನೆ ಹೊಕ್ಕಳು, ಬಾಯಿ ಒರೆಸಿಕೊಂಡು ಹೊರಬಂದಳು. ಪಕ್ಕದ ಮನೆಯಲ್ಲೂ ಅದೇ. ಕೊನೆಗೆ ಮುದುಕಿ ರೇವವ್ವನ ಮನೆ. ನಾಜಿಮಾ ಇಣುಕಿದರೆ, ರೇವವ್ವ ಬೆಲ್ಲದ ಹೆಂಟೆ, ತುಂಬಿದ ತಂಬಿಗೆ ಮುಂದಿಟ್ಟು ಆ ಚೋಟುದ್ದದ ಹುಡುಗಿಯನ್ನು ಬೀಗರಂತೆ ಉಪಚರಿಸುತ್ತಿದ್ದಳು. ಬಿಸಿಲಲ್ಲಿ ಬಂದವರನ್ನು ಬೆಲ್ಲ-ನೀರು ಕೊಡದೆ ಕಳಿಸುವುದು ನಮ್ಮ ಕಡೆ ಉಂಟೇ?

"ಆಯಿ, ಅಕಿಗೆ ಬೆಲ್ಲ ಅಂದ್ರ ವಿಷ ಇದ್ದಂಗ್ರಿ," ಎಂದು ನಾಜಿಮಾ ಎಲ್ಲವನ್ನೂ ಬಿಡಿಸಿ ಹೇಳಿದಳು.

ರೇವವ್ವನ ಮುಖ ಕಪ್ಪಿಟ್ಟಿತು. "ಮೊದಲ ಯಾಕ ಹೇಳಲಿಲ್ಲ?"

"ಮಂದಿ ಕಣ್ಣ ಬೀಳ್ತೈತಂತ ಮುಚ್ಚಿಟ್ಟಿದ್ನ್ರಿ."

"ಕಣ್ಣ ಅಲ್ಲ, ನಮ್ಮ ಕೈ ಬಿತ್ತಲ್ಲವ್ವಾ. ಹಂಗಾರ ಮನಿಗಿ ಬಂದ ಕೂಸಿಗೆ ಏನ್ ಕೊಡ್ಲಿ?"

"ಒಂದ್ ತುಣುಕು ರೊಟ್ಟಿ, ಒಂದ್ ಚಿಟಿಕಿ ಉಪ್ಪು ಸಾಕ್ರಿ."

ರೊಟ್ಟಿಯೇನೋ ಸರಿ. ಆದರೆ ಉಪ್ಪನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ತಪ್ಪದು ಎಂಬುದು ರೂಢಿಯ ಮಾತು. ರೇವವ್ವ ಜೀವಮಾನದಲ್ಲಿ ಹಾಗೆ ಕೊಟ್ಟವಳಲ್ಲ. ಗುಲನಾಜ ಮಾತ್ರ ಆಗಲೇ ಅಂಗೈ ಚಾಚಿ ನಿಂತಿದ್ದಳು. ಮುದುಕಿ ಉಪ್ಪು ಹಿಡಿದು ಒಂದು ಗಳಿಗೆ ತಡೆದಳು. ಆಮೇಲೆ ಆ ಅಂಗೈಯಲ್ಲೇ ಹಾಕಿದಳು.

"ಜಗಳ ಆಗ್ತೈತಂತ, ಆಗಲಿ ಬಿಡು," ಎಂದಳು. "ನನ್ನ ಕೂಡ ಜಗಳ ಆಡುವಷ್ಟು ದೊಡ್ಡಾಕಿ ಆಗು."