ಹನ್ನೊಂದು ನಲವತ್ತೊಂದರ ಸಾವು

ಈಗಲೇ ಫೋನ್ ಮಾಡಲೇ, ಇಲ್ಲಾ ಇನ್ನೂ ನಾಲ್ಕು ಗಂಟೆ ಕಾಯಲೇ? ದೊಡ್ಡಪ್ಪ ಹೋಗಿಬಿಟ್ಟಿದ್ದಾರೆ ಎಂಬುದರಲ್ಲಿ ನರಹರಿಗೆ ಅನುಮಾನವಿರಲಿಲ್ಲ. ಕೈ ಮುಟ್ಟಿ ನೋಡಿದ್ದ, ತಣ್ಣಗಿತ್ತು. ಅನುಮಾನವಿದ್ದದ್ದು, ಎಷ್ಟು ಗಂಟೆಗೆ ಹೋದರೆಂದು ಹೇಳಬೇಕು ಎಂಬುದರಲ್ಲಿ.

ಟುಲಿಪ್ ನೋಡಲೆಂದು ಅಣ್ಣತಮ್ಮ ಇಬ್ಬರೂ ಮೈಸೂರಿನಿಂದ ಡಚ್ಚರ ದೇಶದ ಆಲ್ಮೆರೆಗೆ, ನರಹರಿಯ ಮನೆಗೆ ಬಂದು ತಿಂಗಳಾಗಿತ್ತು. ಅಣ್ಣ ಮಹಾಬಲೇಶ್ವರ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ್ದರು. ತಮ್ಮ, ಅಂದರೆ ನರಹರಿಯ ಅಪ್ಪ ಅನಂತರಾಮ, ಅತ್ತು ಕಣ್ಣೊರೆಸಿಕೊಂಡು ಮೊದಲು ತೆರೆದದ್ದು ಫೋನಿನಲ್ಲಿದ್ದ ಪಂಚಾಂಗವನ್ನು.

“ಧನಿಷ್ಠಾ ಪಂಚಕ ಕಣೋ! ಇನ್ನೂ ರೇವತಿ ನಕ್ಷತ್ರ ನಡೀತಿದೆ. ಈ ಹೊತ್ತಲ್ಲಿ ಹೋದ್ರೆ ಮನೆಗೆ ತಿಂಗಳುಗಟ್ಲೆ ಬೀಗ ಹಾಕ್ಬೇಕು.”

“ಎರಡು ವರ್ಷ ಅಲೆದು ಹಿಡಿದ ಬಾಡಿಗೆ ಮನೆ ಅಪ್ಪಾ ಇದು. ಬೀಗ ಹಾಕಿ ಎಲ್ಲಿಗೆ ಹೋಗೋಣ? ರೈಲ್ವೆ ಸ್ಟೇಷನ್ನಿಗಾ?”

“ಅದಕ್ಕೇ ಹೇಳ್ತಿರೋದು. ಊರಲ್ಲಿ ಮಧ್ಯಾಹ್ನ ಮೂರೂ ಹತ್ತಕ್ಕೆ ರೇವತಿ ಮುಗಿಯುತ್ತೆ. ಇಲ್ಲಿ ಹನ್ನೊಂದೂ ನಲವತ್ತು. ಅಲ್ಲೀತನಕ ಅಣ್ಣ ಮಲಗಿದ್ದಾನೆ, ಅಷ್ಟೇ.”

“ರೇವತಿಗೂ ಸಮ್ಮರ್ ಟೈಮ್ ಇದೆಯಾ, ಮಾವ?” ಎಂದಳು ಸೊಸೆ ನೀಲಾಂಬಿಕಾ. ಅನಂತರಾಮ ಮತ್ತೊಮ್ಮೆ ಬೆರಳು ಮಡಿಸಿ ಎಣಿಸಿದರು.

ನರಹರಿ ಕಾದ. ಹನ್ನೊಂದು ನಲವತ್ತೊಂದಕ್ಕೆ ಹೌಸ್‌ಆರ್ಟ್ಸ್‌ಗೆ, ಅಂದರೆ ಮನೆಯವರನ್ನೆಲ್ಲ ನೋಡುವ ವೈದ್ಯರಿಗೆ, ಫೋನ್ ಮಾಡಿ “ಈಗಷ್ಟೇ ಹೋದರು” ಎಂದ.

ವೈದ್ಯರಿಗೆ ದೊಡ್ಡಪ್ಪನ ಹಳೆಯ ಹೃದಯದ ಕಾಯಿಲೆ ಗೊತ್ತಿತ್ತು. ಸಹಿ ಹಾಕಲು ಪೆನ್ನು ಹಿಡಿದೇ ಬಂದಿದ್ದರು. ಆದರೆ ದವಡೆ ಮುಟ್ಟಿ ನೋಡಿದರೆ ಮರದಂತೆ ಬಿಗಿದಿತ್ತು.

“ಈಗಷ್ಟೇನಾ?”

“ಇಲೆವೆನ್ ಫಾರ್ಟಿಒನ್. ಶಾರ್ಪ್!” ಎಂದರು ಅನಂತರಾಮ.

ವೈದ್ಯರು ಪೆನ್ನನ್ನು ಜೇಬಿಗೆ ಸೇರಿಸಿದರು. ಇದು ಸಹಜ ಸಾವೆಂದು ತಮಗೆ ಖಾತ್ರಿಯಿಲ್ಲ, ಮುನಿಸಿಪಾಲಿಟಿಯ ಕೊರೊನರ್ ಬರಬೇಕು ಎಂದರು.

ಹೊರಗೆ ಪೊಲೀಸ್ ಕಾರು ನಿಂತದ್ದು ಕಂಡು ಪಕ್ಕದ ಮನೆಯ ಹಿತಾ ಓಡಿ ಬಂದಳು. ಅವಳು ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ನರ್ಸ್.

“ನಮ್ಮಣ್ಣನ್ನ ಕುಯ್ದುಬಿಡ್ತಾರಮ್ಮಾ!” ಅನಂತರಾಮ ಬಾಗಿಲಿಗೆ ಅಡ್ಡ ನಿಂತಿದ್ದರು.

“ಅಂಕಲ್, ಕೊರೊನರ್ ಅಂದ್ರೆ ಡಾಕ್ಟ್ರೇ. ಸಾವು ಹೇಗಾಯ್ತು, ಯಾವಾಗ ಆಯ್ತು ಅಂತ ನೋಡೋದು ಅವರ ಕೆಲ್ಸ. ಸಹಜ ಅನ್ನಿಸಿದ್ರೆ ಬರೆದುಕೊಟ್ಟು ಹೋಗ್ತಾರೆ.”

“ಅನ್ನಿಸದಿದ್ರೆ?”

“ಸರ್ಕಾರಿ ಪ್ರಾಸಿಕ್ಯೂಟರಿಗೆ ತಿಳಿಸಲೇಬೇಕು, ಕಾನೂನು. ಅವ್ರು ಒಪ್ಪೋವರೆಗೂ ಸಂಸ್ಕಾರ ಇಲ್ಲ. ಕುಯ್ಯಬೇಕು ಅಂದ್ರೆ ಹೇಳೋದೂ ಅವ್ರೇ. ಈಗ ನೀವೇ ಹೇಳಿ, ದೊಡ್ಡಪ್ಪ ಎಷ್ಟೊತ್ತಿಗೆ ಹೋದ್ರು?”

“ಹನ್ನೊಂದೂ ನಲ…”

“ಅಂಕಲ್!”

“ನಾವು ನೋಡಿದ್ದು ಏಳೂವರೆಗೆ” ಎಂದರು ಅನಂತರಾಮ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿಯುತ್ತಾ.

ಕೊರೊನರ್ ಬೂದು ಕೂದಲಿನ ಹೆಂಗಸು. ಎಲ್ಲವನ್ನೂ ಕೇಳಿದರು. ನರಹರಿ ಡಚ್ಚಿನಲ್ಲಿ ನಕ್ಷತ್ರ ವಿವರಿಸಲು ಹೋಗಿ ಬೆವೆತ. ರೇವತಿಗಾಗಿ ಕಾದೆವು ಎಂದಾಗ ಪೊಲೀಸಿನವನು ತಲೆಯೆತ್ತಿ, “ಆಕೆ ಈಗ ಎಲ್ಲಿದ್ದಾಳೆ?” ಎಂದ. ಅನಂತರಾಮ ಚಾವಣಿಯತ್ತ ಕೈ ತೋರಿಸಿದರು. ಪೊಲೀಸಿನವನು ಮಹಡಿ ಮೆಟ್ಟಿಲು ಹತ್ತಿ ನೋಡಿಕೊಂಡು ಬಂದ.

ಕೊರೊನರ್ ದೇಹದ ಉಷ್ಣತೆ ಅಳೆದರು, ಮೈಯೆಲ್ಲ ಪರೀಕ್ಷಿಸಿದರು, ಮಾತ್ರೆ ಡಬ್ಬಿ ನೋಡಿದರು. ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆದು ಮಾತಾಡಿಸಿದರು. ನರಹರಿ ಹೊರಗೆ ಬಂದದ್ದು ಎಲ್ಲರಿಗಿಂತ ತಡವಾಗಿ. ಮೂರೂವರೆಗೆ ಅವರು ಬರೆದುಕೊಟ್ಟರು: ಸಹಜ ಸಾವು.

“ಹಾಗಾದ್ರೆ ಇವತ್ತೇ ಸಂಸ್ಕಾರ?” ಅನಂತರಾಮ ಎದ್ದು ನಿಂತರು.

“ಸಾವಾಗಿ ಮೂವತ್ತಾರು ಗಂಟೆ ಕಳೀಬೇಕು ಅಂಕಲ್, ಅದೂ ಇಲ್ಲಿಯ ಕಾನೂನೇ” ಎಂದಳು ಹಿತಾ. “ಬೆಳಿಗ್ಗೆಯೇ ಫೋನ್ ಮಾಡಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ. ಒಂದು ಸಹಿಯಲ್ಲಿ ಮುಗಿದುಹೋಗ್ತಿತ್ತು.”

“ಸರಿ ತಾಯಿ, ತಪ್ಪಾಯ್ತು. ಇನ್ನು ಊರವ್ರಿಗೆಲ್ಲ ನಾನೇ ಹೇಳ್ತೀನಿ, ಮೊದ್ಲು ಡಾಕ್ಟ್ರು ಅಂತ.”

“ಮತ್ತೆ ಮನೆಗೆ ಬೀಗ?” ಎಂದಳು ನೀಲಾಂಬಿಕಾ.

“ಅದಕ್ಕೇನು, ಒಂದು ಶಾಂತಿ ಮಾಡಿಸಿದ್ರೆ ಆಯ್ತು.”

“ಅದನ್ನ ಬೆಳಿಗ್ಗೇನೇ ಹೇಳಬಹುದಿತ್ತಲ್ಲ ಅಪ್ಪಾ!”

“ನೀನು ಕೇಳಲಿಲ್ಲ.”

ಈ ದೇಶದಲ್ಲಿ ಮನೆ ಮಾಡಿಕೊಂಡಿರುವ ನಮ್ಮವರೇ, ಮನೆಯಲ್ಲಿ ಸಾವಾದರೆ ಮೊದಲು ವೈದ್ಯರಿಗೆ ಫೋನ್ ಮಾಡಿ, ಪಂಚಾಂಗ ಆಮೇಲೆ ನೋಡಿ. ಬಿದ್ದೋ ಏಟಾಗಿಯೋ ಹೋಗಿದ್ದರೆ ಸ್ನಾನ ಮಾಡಿಸಬೇಡಿ, ದಿಕ್ಕು ನೋಡಿ ಮಲಗಿಸಲೂ ಬೇಡಿ, ಇದ್ದದ್ದು ಇದ್ದಲ್ಲೇ ಇರಲಿ. ಕೊರೊನರ್ ಬಂದರೆ ಹೆದರಬೇಡಿ. ಸತ್ತವರ ಪರವಾಗಿ ಕೇಳಲು ಬಂದವರು ಅವರು. ಕಂಡದ್ದನ್ನು, ಕೇಳಿದ್ದನ್ನು ಹಾಗೆಯೇ ಹೇಳಿ.

ಅಂದು ಅಡುಗೆಮನೆಯಲ್ಲಿ ನರಹರಿಯೂ ಹಾಗೆಯೇ ಹೇಳಿದ. ಬೆಳಗಿನ ಐದಕ್ಕೆ ದೊಡ್ಡಪ್ಪ ತನ್ನ ಹೆಸರು ಹಿಡಿದು ಕರೆದದ್ದನ್ನೂ, “ಬಂದೆ” ಎಂದು ಮಗ್ಗುಲು ಬದಲಿಸಿ ತಾನು ಮತ್ತೆ ನಿದ್ದೆ ಹೋದದ್ದನ್ನೂ ಕೊರೊನರ್ ಬರೆದುಕೊಂಡರು. ಅಪ್ಪನಿಗೆ ಅದನ್ನು ಅವನು ಯಾವತ್ತೂ ಹೇಳಲಿಲ್ಲ.